ಬರಗಾಲದಲ್ಲಿ ಮೋಟಾರು ಕಾರಿನ ಸ್ನಾನ

ಮನುಷ್ಯನ ಸ್ನಾನಕ್ಕೆ ನಮ್ಮ ಹಿರಿಯರು ಹೊತ್ತು, ವಿಧಿ, ಮಡಿ ಎಲ್ಲವನ್ನೂ ಗೊತ್ತುಮಾಡಿಟ್ಟಿದ್ದಾರೆ. ದನಕರುಗಳ ಮೈ ತೊಳೆಯುವುದಕ್ಕೆ ಸಂಕ್ರಾಂತಿ ಇದೆ. ಮೋಟಾರು ಕಾರಿನ ಸ್ನಾನಕ್ಕೆ ಮಾತ್ರ ಬಹುಕಾಲ ಯಾವ ಶಾಸ್ತ್ರವೂ ಇರಲಿಲ್ಲ. ಆ ಕೊರತೆಯನ್ನು 2024ನೆಯ ಇಸವಿಯ ಮಾರ್ಚಿ ತಿಂಗಳಲ್ಲಿ ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯವರು ನೀಗಿಸಿದರು. ಕುಡಿಯುವ ನೀರಿನಿಂದ ವಾಹನ ತೊಳೆಯಕೂಡದು, ಕೈತೋಟಕ್ಕೆ ಹಾಯಿಸಕೂಡದು, ಕಟ್ಟಡದ ಕೆಲಸಕ್ಕೂ ಕಾರಂಜಿಗೂ ಬಳಸಕೂಡದು. ತಪ್ಪಿದವರಿಗೆ 5,000 ರೂಪಾಯಿ ದಂಡ, ಮತ್ತೆ ತಪ್ಪಿದರೆ ಅದರ ಮೇಲೆ ದಿನಕ್ಕೆ 500 ರೂಪಾಯಿ ಎಂದು ಆಜ್ಞೆ ಹೊರಟಿತು. ಆ ತಿಂಗಳ ಕೊನೆಯ ವಾರದ ಹೊತ್ತಿಗೆ 22 ಮನೆಗಳವರಿಂದ ಒಟ್ಟು 1 ಲಕ್ಷ 10 ಸಾವಿರ ರೂಪಾಯಿ ವಸೂಲಾಯಿತೆಂದು ಪತ್ರಿಕೆಗಳು ಬರೆದವು. 2025ರ ಫೆಬ್ರವರಿಯಲ್ಲಿ, ಬೇಸಗೆ ತಲೆಯೆತ್ತುವ ಮುನ್ನವೇ, ಅಂಥದೇ ಆಜ್ಞೆ ಮತ್ತೊಮ್ಮೆ ಹೊರಟಿತು.

ಈ ಸುದ್ದಿ ನಮ್ಮ ಕಿಕ್ಕೇರಿಯ ಕಡೆ ತಲುಪಿದಾಗ ಅದನ್ನು ಮೆಚ್ಚಿದವರು ಯಾರೂ ನನ್ನ ಕಣ್ಣಿಗೆ ಬೀಳಲಿಲ್ಲ. ಕೆಲವರು ನಕ್ಕರು, ಕೆಲವರು ಸಿಟ್ಟಾದರು. “ಅಲ್ಲ ಕಣಪ್ಪ, ಇಷ್ಟ್ ದಿನ ನಮ್ ಕಾವೇರೀಲೇ ಕಾರ್ ತೊಳೀತಿದ್ರಾ ಅವರು?” ಎಂದು ಹಿರಿಯರೊಬ್ಬರು ಕೇಳಿದ ಪ್ರಶ್ನೆಗೆ ಉತ್ತರ ಹೇಳುವುದು ಸುಲಭವಲ್ಲ. ನಮ್ಮ ತಾಲ್ಲೂಕಿನಲ್ಲಿ ಹರಿದ ಹೇಮಾವತಿ ಹೋಗಿ ಕನ್ನಂಬಾಡಿಯ ಹಿನ್ನೀರಿನಲ್ಲಿ ಕಾವೇರಿಯನ್ನು ಕೂಡುತ್ತಾಳೆ. ಆ ನೀರು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಯಂತ್ರಗಳ ಬಲದಿಂದ ಸುಮಾರು 100 ಕಿಲೋಮೀಟರು ದೂರ, ಸುಮಾರು 500 ಮೀಟರು ಎತ್ತರಕ್ಕೆ ಏರಿ ರಾಜಧಾನಿಯನ್ನು ಸೇರುತ್ತದೆ. ಹಾಗೆ ಬೆಟ್ಟ ಹತ್ತಿಸಿದ ಗಂಗೆಯನ್ನು ಕಾರಿನ ಬೆನ್ನಿನ ಮೇಲಿಂದ ಚರಂಡಿಗೆ ಇಳಿಸುತ್ತಿದ್ದರೆಂದರೆ ಮಂಡ್ಯ ಜಿಲ್ಲೆಯವನಿಗೆ ಹೊಟ್ಟೆ ಉರಿಯುವುದು ಸಹಜವೇ.

ಆದರೆ ನನ್ನ ವಾದ ಬೆಂಗಳೂರಿಗರನ್ನು ಹಳಿಯುವುದಲ್ಲ. ಅದಕ್ಕೆ ಬೇರೆ ಲೇಖಕರು ಬೇಕಾದಷ್ಟು ಮಂದಿ ಇದ್ದಾರೆ. ಆ ಆಜ್ಞೆ ಸರಿಯಾಗಿತ್ತು, ಮತ್ತು ಅದು ನಮಗೂ ಬೇಕು ಎಂಬುದು ನನ್ನ ನಮ್ರವಾದ, ಆದರೆ ದೃಢವಾದ ಅಭಿಪ್ರಾಯ. ಇದಕ್ಕೆ ವಿರೋಧವಾಗಿ ನಾನು ಕೇಳಿದ ಮಾತುಗಳು ಮುಖ್ಯವಾಗಿ ಎರಡು. ಎರಡರಲ್ಲಿಯೂ ಸ್ವಲ್ಪ ಸತ್ಯವುಂಟು. ಆದುದರಿಂದಲೇ ಅವನ್ನು ನಿಧಾನವಾಗಿ ನೋಡಬೇಕು.

ಮೊದಲನೆಯದು, ಲೆಕ್ಕದ ವಾದ. 2023ರಲ್ಲಿ ಮುಂಗಾರು ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸರ್ಕಾರ ಸಾರಿತು. ಅದೇ ಆಗಸ್ಟ್ ಕೊನೆಯಲ್ಲಿ ತಮಿಳುನಾಡಿಗೆ ದಿನಂಪ್ರತಿ 5,000 ಕ್ಯೂಸೆಕ್ ನೀರನ್ನು 15 ದಿನ ಹರಿಸಬೇಕೆಂದು ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ ಅಪ್ಪಣೆ ಮಾಡಿತು. ಸೆಪ್ಟೆಂಬರಿನಲ್ಲಿ ಮಂಡ್ಯ ಬಂದ್, ಬೆಂಗಳೂರು ಬಂದ್, ಕರ್ನಾಟಕ ಬಂದ್ ಒಂದರ ಹಿಂದೊಂದು ನಡೆದವು. “ಅಷ್ಟು ನೀರು ಹೊಳೆಯಲ್ಲಿ ಹೋಗುತ್ತಿರುವಾಗ ಒಂದು ಕಾರಿಗೆ ಎರಡು ಬಿಂದಿಗೆ ಸುರಿದರೆ ಯಾವ ಅಣೆಕಟ್ಟು ಬರಿದಾಗುತ್ತದೆ?” ಎಂದು ನನ್ನ ಮಿತ್ರನೊಬ್ಬ ಸವಾಲು ಹಾಕಿದ.

ಲೆಕ್ಕಕ್ಕೆ ಲೆಕ್ಕವೇ ಉತ್ತರ. ನಮ್ಮ ಬೀದಿಯ ಒಂದು ಮನೆಯ ನಲ್ಲಿಪೈಪಿನ ಬಾಯಿಗೆ 15 ಲೀಟರಿನ ಬಕೆಟ್ಟಿಟ್ಟು ಗಡಿಯಾರ ಹಿಡಿದೆ. ತುಂಬುವುದಕ್ಕೆ ಸರಿಸುಮಾರು ಒಂದು ನಿಮಿಷ. ಪೈಪು ಹಿಡಿದು ಕಾರು ತೊಳೆಯುವವರು ಹತ್ತು ನಿಮಿಷಕ್ಕೆ ಕಡಮೆ ತೊಳೆಯುವುದನ್ನು ನಾನು ಕಂಡಿಲ್ಲ. ಅಲ್ಲಿಗೆ 150 ಲೀಟರು. ಮಿತ್ರನ “ಎರಡು ಬಿಂದಿಗೆ” ಮೊದಲ ಹಂತದಲ್ಲೇ ಹತ್ತು ಬಕೆಟ್ಟಾಯಿತು. ಇರಲಿ. ನಗರದಲ್ಲಿ ಒಂದು ಲಕ್ಷ ಕಾರುಗಳು ಒಂದೇ ದಿನ ಹೀಗೆ ಮಿಂದವೆಂದು ಭಾವಿಸೋಣ. ಒಂದೂವರೆ ಕೋಟಿ ಲೀಟರು ಆಯಿತು. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರು. 5,000 ಕ್ಯೂಸೆಕ್ ಹರಿಯುವ ಹೊಳೆಯಲ್ಲಿ ಈ ಒಂದೂವರೆ ಕೋಟಿ ಲೀಟರು ಸಾಗಿಹೋಗುವುದಕ್ಕೆ ಎರಡು ನಿಮಿಷವೂ ಬೇಡ! ಹೀಗೆ ನನ್ನ ಮಿತ್ರ ಗೆದ್ದಂತೆಯೇ ಕಾಣುತ್ತದೆ. ಲಕ್ಷ ಕಾರುಗಳು ಕೊಳೆಯಾಗಿ ನಿಂತರೂ ಕನ್ನಂಬಾಡಿ ಕಟ್ಟೆ 124.80 ಅಡಿ ತುಂಬಲಾರದು.

ಆದರೆ ಅದೇ ಒಂದೂವರೆ ಕೋಟಿ ಲೀಟರನ್ನು ಹೊಳೆಯ ಪಕ್ಕದಲ್ಲಿಡದೆ ಕೊಡದ ಪಕ್ಕದಲ್ಲಿಟ್ಟು ನೋಡಬೇಕು. ಹಳ್ಳಿಯ ಮನೆಗಳಿಗೆ ನಲ್ಲಿ ಹಾಕಿಸುವ ಜಲಜೀವನ ಯೋಜನೆ ಒಬ್ಬರಿಗೆ ದಿನವೊಂದಕ್ಕೆ ಗೊತ್ತುಮಾಡಿದ ನೀರು 55 ಲೀಟರು. ಕುಡಿಯಲು, ಅಡಿಗೆಗೆ, ಸ್ನಾನಕ್ಕೆ, ಬಟ್ಟೆಗೆ, ಪಾತ್ರೆಗೆ, ಕಕ್ಕಸಿಗೆ ಎಲ್ಲಕ್ಕೂ ಅಷ್ಟೇ. ಆ ಅಳತೆಯಲ್ಲಿ ಒಂದು ಕಾರಿನ ಒಂದು ಸ್ನಾನ ಮೂವರ ಒಂದು ದಿನದ ಬಾಳಿಗೆ ಹತ್ತಿರ ಬರುತ್ತದೆ. ಲಕ್ಷ ಕಾರುಗಳ ಸ್ನಾನ ಎರಡು ಲಕ್ಷ ಎಪ್ಪತ್ತು ಸಾವಿರ ಜನರ ಒಂದು ದಿನದ ಬಾಳು. ಬರಗಾಲದಲ್ಲಿ ಜನ ಬಾಯಾರುವುದು ಹೊಳೆಯ ದಂಡೆಯಲ್ಲಲ್ಲ, ಪೈಪಿನ ಕೊನೆಯಲ್ಲಿ. ಶುದ್ಧಿಯಾಗಿ, ಬೆಟ್ಟ ಹತ್ತಿ, ಬೀದಿಯ ಕೊಳವೆಗೆ ಬಂದ ನೀರು ಅಣೆಕಟ್ಟಿನ ನೀರಿನ ಲೆಕ್ಕಕ್ಕೆ ಸೇರಿದುದಲ್ಲ. ಅದು ಆ ಬೀದಿಯ ಲೆಕ್ಕಕ್ಕೆ ಸೇರಿದುದು. ಮೇಲಿನ ಮನೆಯವರು ಪೈಪು ತೆರೆದರೆ ಕೆಳಗಿನ ಮನೆಯ ನಲ್ಲಿ ಗಾಳಿ ಉಗುಳುತ್ತದೆ. 2024ರ ಆ ಬೇಸಗೆಯಲ್ಲಿ ಬೆಂಗಳೂರಿನ ಸುಮಾರು 14,000 ಸರ್ಕಾರಿ ಕೊಳವೆಬಾವಿಗಳ ಪೈಕಿ 6,900 ಬತ್ತಿದ್ದವೆಂದು ಸರ್ಕಾರವೇ ಹೇಳಿತು. ಟ್ಯಾಂಕರ್ ನೀರಿನ ಬೆಲೆಯನ್ನು ಜಿಲ್ಲಾಡಳಿತ ಕಟ್ಟುಮಾಡಬೇಕಾಯಿತು: ಐದು ಕಿಲೋಮೀಟರಿನೊಳಗೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000 ರೂಪಾಯಿ. ಒಂದು ಬೀದಿ ಟ್ಯಾಂಕರಿನ ಹಾದಿ ಕಾಯುತ್ತಿರುವಾಗ ಪಕ್ಕದ ಬೀದಿಯಲ್ಲಿ ಕಾರಿನ ಚಕ್ರಕ್ಕೆ ಪಿಚಕಾರಿ ಹೊಡೆಯುವುದನ್ನು ತಡೆಯುವುದಕ್ಕೆ ಅಣೆಕಟ್ಟಿನ ಲೆಕ್ಕ ಏಕೆ ಬೇಕು?

ಹೊರದೇಶಗಳವರೂ ಇದನ್ನು ಹೀಗೆಯೇ ಕಂಡಿದ್ದಾರೆ. ದಕ್ಷಿಣ ಆಫ್ರಿಕದ ಕೇಪ್‌ಟೌನ್ ನಗರ 2018ರ ಫೆಬ್ರವರಿಯಿಂದ ತಲೆಗೆ ದಿನಕ್ಕೆ 50 ಲೀಟರು ಎಂದು ಕಟ್ಟುಮಾಡಿ, ಪುರಸಭೆಯ ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿತು. ಕ್ಯಾಲಿಫೋರ್ನಿಯದವರು 2014ರಲ್ಲಿ ಇನ್ನೂ ಸೂಕ್ಷ್ಮವಾಗಿ ಯೋಚಿಸಿದರು: ತೊಳೆಯಿರಿ, ಆದರೆ ಕೈಬಿಟ್ಟೊಡನೆ ನೀರು ನಿಲ್ಲುವ ಮೂತಿಯಿಲ್ಲದ ಪೈಪಿನಿಂದ ತೊಳೆದರೆ ದಿನಕ್ಕೆ 500 ಡಾಲರಿನವರೆಗೆ ದಂಡ. ಲಾಸ್ ಏಂಜಲೀಸಿನಲ್ಲಿ ಕಾರು ತೊಳೆಯುವುದಿಲ್ಲವೆಂದು ಪ್ರತಿಜ್ಞೆ ಮಾಡುವ ಚಳವಳಿಯೇ ನಡೆದು, ಧೂಳು ಹಿಡಿದ ಕಾರು ಹೆಮ್ಮೆಯ ಗುರುತಾಯಿತು. ನಮ್ಮಲ್ಲಿ ಹಾಗಾಗುವುದು ಸ್ವಲ್ಪ ಕಷ್ಟವೇ. ಹೆಣ್ಣು ನೋಡಲು ಹೋಗುವ ಕಾರಿನ ಮೇಲೆ ಧೂಳು ಇದ್ದರೆ ಬೀಗರು ಬರಗಾಲವನ್ನು ನೆನೆಯುವರೋ, ವರನ ಬಡತನವನ್ನು ನೆನೆಯುವರೋ ಹೇಳಲಾಗದು.

ಇನ್ನು ಎರಡನೆಯ ವಾದ. ಇದು ನಮ್ಮ ಕಡೆಯ ವಾದ, ಆದಕಾರಣ ಹೆಚ್ಚು ಗಟ್ಟಿ. “ನಮ್ ಬೋರು, ನಮ್ ನೀರು. ಯಾರಪ್ಪಂದು?” ಬೆಂಗಳೂರಿನ ಆಜ್ಞೆ ಮಂಡಳಿಯ ಕೊಳವೆಯ ಗಡಿಗೆ ಮುಗಿಯಿತು, ಹಳ್ಳಿಯಲ್ಲಿ ತೋಟದ ಕೊಳವೆಬಾವಿಯಿಂದ ಎರಡಂಗುಲದ ಪೈಪಿನಲ್ಲಿ ಕಾರು, ಟ್ರ್ಯಾಕ್ಟರು, ಬೈಕುಗಳನ್ನು ಸಾಲಾಗಿ ಮೀಯಿಸಿದರೆ ಕೇಳುವವರು ಯಾರೂ ಇಲ್ಲ. ಕೇಳಿದರೆ ಮೇಲಿನ ಉತ್ತರ ಸಿದ್ಧವಾಗಿರುತ್ತದೆ.

ಬೋರು ಅವರದೇ, ಒಪ್ಪಿದೆ. ಕೊರೆಸಿದ ಸಾಲವೂ ಅವರದೇ. ಆ ಕಷ್ಟವನ್ನು ನಾನು ಲಘುವಾಗಿ ಕಾಣುವವನಲ್ಲ. ಆದರೆ ಕರೆಂಟು ಯಾರದು? 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಸೆಟ್ಟಿಗೆ ಸರ್ಕಾರ ಬಿಟ್ಟಿಯಾಗಿ ವಿದ್ಯುತ್ತು ಕೊಡುವುದು ಬೆಳೆಗೆಂದು, ಬಂಪರಿಗೆಂದು ಅಲ್ಲ. ಹಾಗಾದರೆ ನೀರು ಯಾರದು? ನಮ್ಮ ಸೀಮೆಯ ನೆಲದಡಿ ಇರುವುದು ಗಟ್ಟಿಕಲ್ಲು. ಅದರಲ್ಲಿ ನೀರು ನಿಲ್ಲುವುದು ಬಾವಿಯಂತೆ ಒಂದೆಡೆಯಲ್ಲಲ್ಲ, ಸೀಳುಗಳಲ್ಲಿ, ಬಿರುಕುಗಳಲ್ಲಿ, ಕೊಳೆತ ಕಲ್ಲಿನ ಪದರದಲ್ಲಿ. ಆ ಬಿರುಕು ಯಾರ ಪಹಣಿಯನ್ನೂ ನೋಡಿ ಹಬ್ಬಿದುದಲ್ಲ. ಈ ಹೊಲದಲ್ಲಿ ಮೋಟಾರು ಇಳಿಸಿದರೆ ಆ ಹೊಲದ ಬೋರು ಹೊಗೆ ಕಾರುವುದನ್ನು ಕಂಡವರಿಗೆ ಭೂಗರ್ಭಶಾಸ್ತ್ರದ ಪಾಠ ಬೇಕಾಗಿಲ್ಲ. ಪಂಚಾಯಿತಿಯ ಬೋರೂ ಅದೇ ಬಿರುಕಿನಿಂದಲೇ ಕುಡಿಯುತ್ತದೆ. ತೊಂಬೆಯ ಮುಂದೆ ಕೊಡಗಳ ಸಾಲು ಉದ್ದವಾಗುವುದು ಅದರಿಂದಲೇ. 2011ರಲ್ಲಿ ರಾಜ್ಯ ಸರ್ಕಾರ ಅಂತರ್ಜಲವನ್ನು ಕುರಿತು ಒಂದು ಕಾಯಿದೆ ಮಾಡಿ ಬೋರು ಕೊರೆಸುವುದಕ್ಕೆ ಕಟ್ಟುಪಾಡು ತಂದಿದೆ. ಆದರೆ ಕೊರೆಸಿದ ಮೇಲೆ ಆ ನೀರಿನಿಂದ ಏನು ತೊಳೆಯುತ್ತೇವೆ ಎಂಬುದು ಊರಿನ ಮನಸ್ಸಿಗೆ ಬಿಟ್ಟ ವಿಷಯ.

ಊರಿನ ಮನಸ್ಸು ಎಂದೆ. ಕಿಕ್ಕೇರಿಯನ್ನು ಹೊರಗಿನವರು ಬಲ್ಲುದು ಕವಿ ಕೆ. ಎಸ್. ನರಸಿಂಹಸ್ವಾಮಿಯವರ ಹುಟ್ಟೂರೆಂದು, ಇಲ್ಲವೆ 1171ರಲ್ಲಿ ಬಮ್ಮವ್ವೆ ನಾಯಕಿತಿ ಕಟ್ಟಿಸಿದ ಬ್ರಹ್ಮೇಶ್ವರ ದೇವಾಲಯದಿಂದ. ನಮಗಾದರೋ ಅದು ಮೊದಲು ಕೆರೆಯ ಊರು. ದನ ಕುಡಿಯುವ, ಬಟ್ಟೆ ಒಗೆಯುವ, ಗದ್ದೆಗೆ ಇಳಿಯುವ ಕೆರೆಯ ನೀರಿಗೆ ಕಾರನ್ನೋ ಟ್ರ್ಯಾಕ್ಟರನ್ನೋ ಚಕ್ರ ಮುಳುಗುವಂತೆ ಇಳಿಸಿ ಉಜ್ಜುವುದು ಯಾವ ಕೆರೆಯ ಊರಿನಲ್ಲಾದರೂ ಕಾಣಸಿಗುವ ದೃಶ್ಯ. ಇಲ್ಲಿ ನೀರು ಖರ್ಚಾಗುವುದಿಲ್ಲವಲ್ಲ, ಕೆರೆಯ ನೀರು ಕೆರೆಗೇ ಹೋಯಿತಲ್ಲ ಎನ್ನುತ್ತಾರೆ. ಹೋದುದು ನೀರೊಂದೇ ಅಲ್ಲ. ಗ್ರೀಸು, ಆಯಿಲು, ಸೋಪಿನ ಪುಡಿಯೂ ಜೊತೆಯಲ್ಲಿ ಹೋಯಿತು. ತುಂಬಿದ ಕೆರೆ ಅದನ್ನು ಹೇಗೋ ನುಂಗೀತು. ಬರದ ವರ್ಷ ನಡುಗುಂಡಿಯಲ್ಲಿ ಮಾತ್ರ ನೀರುಳಿದಾಗ ಅದೇ ಎಣ್ಣೆಯ ಬಣ್ಣದ ಪೊರೆಯನ್ನು ಮೂಗಿನಿಂದ ಸರಿಸಿಕೊಂಡು ಎಮ್ಮೆ ಕುಡಿಯಬೇಕು.

ಇಷ್ಟೆಲ್ಲ ಹೇಳಿದವನು ಕಾರನ್ನು ಕೊಳಕಾಗಿಯೇ ಇಡಿರೆನ್ನುತ್ತಾನೆಂದು ವಾಚಕರು ತಿಳಿಯಬಾರದು. ಮಂಡಳಿಯವರು ನಿಷೇಧಿಸಿದ್ದು ನೀರನ್ನು, ಶುಚಿಯನ್ನಲ್ಲ. ಈ ವ್ಯತ್ಯಾಸವನ್ನು ಪರ ವಿರೋಧ ಎರಡು ಪಕ್ಷದವರೂ ಮರೆತರು. ಮುಂದಿನ ಗಾಜು, ಹಿಂದಿನ ಗಾಜು, ದೀಪಗಳು, ಪಕ್ಕದ ಕನ್ನಡಿಗಳು, ನಂಬರು ಫಲಕ ಇವು ಶುಭ್ರವಾಗಿರಲೇಬೇಕು; ಧೂಳು ಹಿಡಿದ ಗಾಜಿಗೆ ಎದುರು ವಾಹನದ ಬೆಳಕು ಬಿದ್ದರೆ ರಸ್ತೆಯೇ ಮಾಯವಾಗುತ್ತದೆ. ಇವಿಷ್ಟಕ್ಕೂ ಒಂದು ಚೊಂಬು ನೀರು ಧಾರಾಳವಾಗಿ ಸಾಕು. ಒಣ ಧೂಳಿನ ಮೇಲೆ ವೈಪರು ಓಡಿಸುವುದು ಮಾತ್ರ ಬೇಡ, ಗಾಜಿನ ಮೇಲೆ ಗೀರು ಬೀಳುತ್ತದೆ.

ಮೈಯ ಮಾತಿಗೆ ಬಂದರೆ, ಬರಗಾಲದಲ್ಲಿ ಕಾರಿಗೆ ಅಂಟುವುದು ಕೆಸರಲ್ಲ, ನುಣ್ಣನೆಯ ಧೂಳು. ಆಲೆಮನೆಯ ರಸ್ತೆಯಲ್ಲಿ ಓಡಾಡುವವರಿಗೆ ಕಬ್ಬಿನ ಸಿಪ್ಪೆ ಉರಿದ ಬೂದಿಯೂ ಸೇರುತ್ತದೆ. ಧೂಳೆಂದರೆ ಸಣ್ಣ ಮರಳೇ. ಅದನ್ನು ಒಣಬಟ್ಟೆಯಿಂದ ಒತ್ತಿ ಉಜ್ಜಿದರೆ ಬಣ್ಣದ ಮೇಲೆ ಉಜ್ಜುಕಾಗದ ಆಡಿಸಿದಂತೆ. ಬಿಸಿಲಿಗೆ ನಿಲ್ಲಿಸಿದಾಗ ಜೇಡರಬಲೆಯಂಥ ಗೀರುಗಳು ಕಾಣುತ್ತವಲ್ಲ, ಅವು ಹೀಗೆ ಹುಟ್ಟಿದವು. ಆದ್ದರಿಂದ ಮೊದಲು ಮೆತ್ತನೆಯ ನೂಲಿನ ಕುಚ್ಚಿನಿಂದ, ಒತ್ತದೆ, ಧೂಳನ್ನು ಹಾರಿಸಬೇಕು. ಅನಂತರ ಅರ್ಧ ಬಕೆಟ್ಟು ನೀರು, ಎರಡು ಬಟ್ಟೆ. ಹಳೆಯ ನೂಲಿನ ಪಂಚೆಯ ತುಂಡಾದರೂ ಆದೀತು, ಅಂಗಡಿಯ ಮೈಕ್ರೋಫೈಬರ್ ಬಟ್ಟೆಯಾದರೆ ಇನ್ನೂ ಮೇಲು. ಒಂದನ್ನು ತೇವಮಾಡಿ ಹಿಂಡಿ, ಮಾಡಿನಿಂದ ಆರಂಭಿಸಿ ಕೆಳಕ್ಕೆ ಬರಬೇಕು. ಹೆಚ್ಚು ಕೊಳೆಯಿರುವ ಬಾಗಿಲಿನ ಕೆಳಗಂಚನ್ನೂ ಚಕ್ರವನ್ನೂ ಕೊನೆಗೆ ಇಟ್ಟುಕೊಳ್ಳಬೇಕು. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಒಂದೊಂದು ಭಾಗಕ್ಕೆ ಒಂದೊಂದು ಮಗ್ಗುಲನ್ನು ತಿರುಗಿಸಿದರೆ ನೀರಿಗೆ ಅದ್ದುವ ಸಾರಿ ಕಡಮೆಯಾಗುತ್ತದೆ. ಇನ್ನೊಂದು ಬಟ್ಟೆ ಒರೆಸುವುದಕ್ಕೆ. ಹಕ್ಕಿಯ ಹಿಕ್ಕೆಯನ್ನೂ ಮರದ ಅಂಟನ್ನೂ ಮಾತ್ರ ತಡಮಾಡಬಾರದು, ಅವು ಬಣ್ಣವನ್ನು ತಿನ್ನುತ್ತವೆ; ಒದ್ದೆಬಟ್ಟೆಯನ್ನು ಐದು ನಿಮಿಷ ಅದರ ಮೇಲೆ ಹಾಸಿಟ್ಟರೆ ತಾನಾಗಿ ಮೆತ್ತಗಾಗಿ ಬರುತ್ತದೆ. ಹೊಂಗೆಯ ನೆರಳೋ ಬಿಸಿಲೋ ಎಂಬ ಪ್ರಶ್ನೆಗೆ ಮಾತ್ರ ನನ್ನಲ್ಲಿ ಉತ್ತರವಿಲ್ಲ: ನೆರಳಿನಲ್ಲಿ ಹಕ್ಕಿ, ಬಿಸಿಲಿನಲ್ಲಿ ಸೀಟು.

ಆ ಅರ್ಧ ಬಕೆಟ್ಟನ್ನು ಎಲ್ಲಿಂದ ತರುವುದು? ಕಲಗಚ್ಚನ್ನು ಕೇಳಬೇಡಿ, ಅದು ಹಸುವಿನದು. ಪಾತ್ರೆ ತೊಳೆದ ನೀರು ತೆಂಗಿನ ಬುಡದ್ದು. ಆದರೆ ನಮ್ಮ ಕಡೆ ಅನೇಕ ಊರುಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳಿವೆ. ನಾಣ್ಯ ಹಾಕಿ ಕ್ಯಾನು ಹಿಡಿಯುತ್ತೇವೆ. ಆ ಯಂತ್ರ ಒಳಕ್ಕೆ ಎಳೆದುಕೊಂಡ ನೀರಿನಲ್ಲಿ ದೊಡ್ಡದೊಂದು ಪಾಲನ್ನು ಉಪ್ಪು ಹೆಚ್ಚಾದುದೆಂದು ಹಿಂದಿನ ಪೈಪಿನಿಂದ ಹೊರಕ್ಕೆ ಬಿಡುತ್ತದೆ. ಆ ನೀರು ಸುಮ್ಮನೆ ಚರಂಡಿ ಸೇರುವುದುಂಟು. ವಾಹನ ಒರೆಸುವುದಕ್ಕೆ ಅದಕ್ಕಿಂತ ಯೋಗ್ಯವಾದ ನೀರು ಬೇರೆಯಿಲ್ಲ. ಒರೆಸಿದ ಕೂಡಲೆ ಒಣಬಟ್ಟೆ ಆಡಿಸಬೇಕು ಅಷ್ಟೆ, ಇಲ್ಲವಾದರೆ ಬಿಳಿಯ ಕಲೆ ನಿಲ್ಲುತ್ತದೆ.

ಹಬ್ಬದ ಮಾತು ಇನ್ನೂ ಉಳಿದಿದೆ. 2023ರ ಆಯುಧಪೂಜೆ ಅಕ್ಟೋಬರ್ 23ರಂದು ಬಂದಿತು. ಆ ವರ್ಷ ಬರದ ಕಾರಣ ಮೈಸೂರಿನ ದಸರೆಯನ್ನೇ ಆಡಂಬರವಿಲ್ಲದೆ ಸಾಂಪ್ರದಾಯಿಕವಾಗಿ ನಡೆಸಲು ಸರ್ಕಾರ ನಿಶ್ಚಯಿಸಿತು. ಆದರೆ ನಮ್ಮ ಬೀದಿಗಳಲ್ಲಿ ಎಂದಿನಂತೆ ಬೆಳಗಿನಿಂದ ಪೈಪುಗಳು ಹರಿದವು, ಕುಂಬಳಕಾಯಿಯ ಕುಂಕುಮನೀರಿಗಿಂತ ಹೆಚ್ಚು ನೀರು ರಸ್ತೆಗೆ ಹರಿಯಿತು. ಇದಕ್ಕೆ ದೇವರನ್ನು ಅಡ್ಡ ತರುತ್ತಾರೆ. ಕುಡುಗೋಲಿಗೆ, ಮಚ್ಚಿಗೆ, ನೇಗಿಲ ಗುಳಕ್ಕೆ ನಮ್ಮಜ್ಜಂದಿರು ಮಾಡಿದ ಪೂಜೆಯಲ್ಲಿ ಕೊಳವೆಯ ಪಾತ್ರ ಎಲ್ಲಿತ್ತು? ತೊಳೆದದ್ದುಂಟು, ಒಂದು ಚೊಂಬಿನಲ್ಲಿ. ಕಾರು ಗಾತ್ರದಲ್ಲಿ ದೊಡ್ಡದಾದ ಮಾತ್ರಕ್ಕೆ ಭಕ್ತಿಯೂ ಲೀಟರಿನಲ್ಲಿ ಬೆಳೆಯಬೇಕೆಂಬ ನಿಯಮವನ್ನು ನಾನು ಯಾವ ಪುರೋಹಿತರ ಬಾಯಲ್ಲಿಯೂ ಕೇಳಿಲ್ಲ.

ಈ ವಾದದಲ್ಲಿ ನನಗೆ ನಿಜವಾಗಿ ತೊಡಕಾಗುವ ಪ್ರಶ್ನೆ ಒಂದೇ: ರಸ್ತೆಬದಿಯಲ್ಲಿ ವಾಹನ ತೊಳೆದು ಹೊಟ್ಟೆ ಹೊರೆಯುವ ಹುಡುಗರದು. ಕಾರಿನ ಒಡೆಯನಿಗೆ ತಪ್ಪುವುದು ಹೊಳಪು, ಅವರಿಗೆ ತಪ್ಪುವುದು ಕೂಲಿ. ಅಂಗಡಿ ಮುಚ್ಚಿ ಎನ್ನುವುದು ನ್ಯಾಯವಲ್ಲ. ತೊಳೆದ ನೀರು ಇಳಿಜಾರಿನಲ್ಲಿ ಹರಿದು ಒಂದು ಗುಂಡಿಯಲ್ಲಿ ಮಣ್ಣು ಇಳಿಸಿ, ಎರಡನೆಯದರಲ್ಲಿ ಎಣ್ಣೆ ತೇಲಿಸಿ, ಮೂರನೆಯದರಿಂದ ಮತ್ತೆ ಪಂಪಿಗೆ ಬರುವಂತೆ ಮಾಡಿದರೆ ಅದೇ ನೀರು ಹಲವು ವಾಹನಗಳಿಗೆ ಒದಗುತ್ತದೆ. ಮೂರು ಸಿಮೆಂಟು ತೊಟ್ಟಿಗಳ ಖರ್ಚನ್ನು ಆ ಹುಡುಗರ ತಲೆಗೆ ಕಟ್ಟದೆ ಪಂಚಾಯಿತಿ ಪಾಲು ಹಾಕಬೇಕು. ತೊಟ್ಟಿ ಕಟ್ಟಿದವರಿಗೆ ಮಾತ್ರ ಬರದ ತಿಂಗಳುಗಳಲ್ಲಿ ಪರವಾನಗಿ ಎಂದರೆ ಊರಿನ ಕಾರುಗಳೆಲ್ಲ ತಾವಾಗಿ ಅವರಲ್ಲಿಗೇ ಬಂದಾವು, ಕೂಲಿ ಹೆಚ್ಚೀತೇ ಹೊರತು ಕಡಮೆಯಾಗದು.

ನಮ್ಮ ಕಾಲೇಜಿನ ಮಟ್ಟಿಗೆ ನನ್ನ ಸೂಚನೆ ಇನ್ನೂ ಅಗ್ಗದ್ದು. ಬರಗಾಲ ಸಾರಿದ ವರ್ಷ ಅಧ್ಯಾಪಕರ ಕಾರುಗಳೂ ವಿದ್ಯಾರ್ಥಿಗಳ ಬೈಕುಗಳೂ ಆವರಣದ ನಲ್ಲಿಯಲ್ಲಿ ಮೀಯದೆ, ಆಯುಧಪೂಜೆಯ ದಿನ ಎಲ್ಲಕ್ಕೂ ಒಂದೊಂದೇ ಬಕೆಟ್ಟು ಎಂದು ಮಾಡಬಹುದು. ನಲ್ಲಿಯ ತಿರುಪನ್ನು ಬಿಚ್ಚಿ ಆಫೀಸಿನ ಬೀರುವಿನಲ್ಲಿಡುವ ಕೆಲಸವನ್ನು ವಿದ್ಯಾರ್ಥಿ ಸಂಘ ವಹಿಸಿಕೊಳ್ಳಲು ಸಿದ್ಧವಾದೀತು. ಬೀಗದ ಕೈ ಯಾರ ಬಳಿ ಇರಬೇಕೆಂಬುದನ್ನು ಮಾನ್ಯ ಪ್ರಾಂಶುಪಾಲರು ತೀರ್ಮಾನಿಸಿದರೆ ಆಯಿತು.